ಮಾವನ ಡಿಟಿಪಿ ಕಂಪ್ಯೂಟರ್: ರೀಸ್ಟಾರ್ಟ್ ಒಂದೇ, ಕಾಯಿಲೆ ಎರಡು

ಸಕಲೇಶಪುರದಲ್ಲಿ ನನ್ನ ಸೋದರಮಾವನದು ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಜೊತೆಗೆ ಅರ್ಜಿ ಟೈಪಿಂಗ್, ಜೆರಾಕ್ಸ್. ಅಲ್ಲಿನ ಮುಖ್ಯ ಕಂಪ್ಯೂಟರ್ 2025ರ ಮೇ ತಿಂಗಳಿಂದ ತನ್ನಷ್ಟಕ್ಕೆ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಅದನ್ನು ಸರಿ ಮಾಡಲು ನನಗೆ ಐದು ಭಾನುವಾರ ಹಿಡಿಯಿತು, 5,110 ರೂಪಾಯಿ ಖರ್ಚಾಯಿತು. ಸರಿಯಾದ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಎರಡು ಭಾನುವಾರ ಸಾಕಿತ್ತು. ಎಲ್ಲೆಲ್ಲಿ ತಪ್ಪಿದೆ ಅನ್ನೋದನ್ನು ಬಿಡದೆ ಬರೆದಿದ್ದೇನೆ. ಹಳೇ ಕಂಪ್ಯೂಟರ್ ನಂಬಿಕೊಂಡು ಅಂಗಡಿ ನಡೆಸುವವರು ಇನ್ನೂ ತುಂಬ ಜನ ಇದ್ದಾರೆ, ಅವರಿಗೆ ಉಪಯೋಗಕ್ಕೆ ಬರಲಿ.

ಯಂತ್ರ ಇದು: ಇಂಟೆಲ್ ಕೋರ್ ಐ3-2120, ಎಚ್61 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. 2012ರಲ್ಲಿ ಹಾಸನದಲ್ಲಿ ಜೋಡಿಸಿಕೊಂಡು ಬಂದದ್ದು. ಮೊದಲು ವಿಂಡೋಸ್ 7 ಇತ್ತು, ಈಗ ವಿಂಡೋಸ್ 10. ಪಕ್ಕದಲ್ಲಿ 600 ವಿಎ ಯುಪಿಎಸ್, ಜೆರಾಕ್ಸ್ ಕೂಡ ತೆಗೆಯುವ ಒಂದು ಲೇಸರ್ ಪ್ರಿಂಟರ್.

ಹೊಸದು ತಗೊಳ್ಳಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಮಾವನ ಹದಿಮೂರು ವರ್ಷದ ಕೆಲಸವೆಲ್ಲ ಪೇಜ್‌ಮೇಕರ್ 7 ಅನ್ನೋ ಹಳೇ ಪುಟವಿನ್ಯಾಸದ ಪ್ರೋಗ್ರಾಮಿನಲ್ಲಿದೆ. ಅಕ್ಷರಗಳೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟುಗಳಲ್ಲಿವೆ. ಆ ಫಾಂಟುಗಳು ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತೆ. ಅಣ್ಣನ ಮದುವೆ ಕಾರ್ಡು ಮಾಡಿಸಿದವರು ಆರು ವರ್ಷ ಬಿಟ್ಟು ತಂಗಿ ಮದುವೆಗೆ ಬರುತ್ತಾರೆ, "ಅದೇ ಥರ ಮಾಡಿಕೊಡಿ" ಅನ್ನುತ್ತಾರೆ. ಆಗ ಬೇಕಾಗೋದು ಆ ಹಳೇ ಫೈಲೇ. ಹಾಗಾಗಿ ಈ ಯಂತ್ರ ಬದುಕಬೇಕು.

ನನ್ನ ಹತ್ತಿರ ಇದ್ದದ್ದು: ಡಿಜಿಟಲ್ ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚು, ಒಂದೂವರೆ ಇಂಚಿನ ಪೇಂಟ್ ಬ್ರಷ್, ಪೆನ್‌ಡ್ರೈವ್, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್.

ಜೂನ್ 29, ಭಾನುವಾರ

ಆಷಾಢ ಶುರುವಾಗಿ ನಾಲ್ಕನೇ ದಿನ. ಮದುವೆ ಇಲ್ಲ, ಅಂಗಡಿಯಲ್ಲಿ ರಶ್ ಇಲ್ಲ. ಶ್ರಾವಣದ ಕಾರ್ಡು ಕೇಳಿಕೊಂಡು ಜನ ಬರುವಷ್ಟರಲ್ಲಿ ಸರಿಯಾಗಬೇಕು ಅನ್ನೋದು ಮಾವನ ಆಸೆ. ಹಾಸನದಿಂದ ಬೆಳಗಿನ ಬಸ್ಸು ಹಿಡಿದೆ. ಸುಮಾರು 40 ಕಿಲೋಮೀಟರ್ ದಾರಿ, ಉದ್ದಕ್ಕೂ ಮಳೆ.

ಮಾವ ಹೇಳಿದ ಲಕ್ಷಣ ಇಷ್ಟೇ: "ಪ್ರಿಂಟ್ ಕೊಟ್ರೆ ಸಾಕು ಕಣೋ, ಟಪ್ ಅಂತ ಆಫ್ ಆಗಿ ಮತ್ತೆ ಆನ್ ಆಯ್ತದೆ. ಡ್ರೈವರ್ ಹೋಗ್ಯದೆ ಅಂತ ಎಲ್ಲಾ ಹೇಳ್ತಾರೆ."

ಮೊದಲು ಮಾಡಿದ ಕೆಲಸ ಬ್ಯಾಕಪ್. ಡಿ ಡ್ರೈವ್‌ನಲ್ಲಿ 38 ಜಿಬಿ ಇತ್ತು. ಅದರ ಜೊತೆಗೆ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ನಕಲು ಮಾಡಿದೆ. ಹಳೇ ಯುಎಸ್‌ಬಿ 2 ಪೋರ್ಟು, ಅರ್ಧ ಗಂಟೆ ಆಯಿತು. ಈ ಐದು ವಾರದಲ್ಲಿ ನಾನು ಯೋಚಿಸಿ ಮಾಡಿದ ಮೊದಲ ಒಳ್ಳೇ ಕೆಲಸ ಇದೇ. ಮುಂದೆ ಒಂದು ಹಂತದಲ್ಲಿ ಇದೇ ನನ್ನ ಧೈರ್ಯ ಉಳಿಸಿತು.

ಆಮೇಲೆ ಪ್ರಿಂಟರ್ ಡ್ರೈವರ್ ಹಿಂದೆ ಬಿದ್ದೆ. ಡ್ರೈವರ್ ಅಂದರೆ ಒಂದು ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಣ್ಣ ಪ್ರೋಗ್ರಾಮು. ಪ್ರಿಂಟುಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರ್‌ನಲ್ಲಿ ಸಿಕ್ಕಿಕೊಂಡಿದ್ದ ಹಳೇ ಪ್ರಿಂಟುಗಳನ್ನು ಅಳಿಸಿದೆ. ಡಿವೈಸಸ್ ಪಟ್ಟಿಯಿಂದ ಪ್ರಿಂಟರ್ ತೆಗೆದೆ. ಅಷ್ಟು ಮಾಡಿದರೆ ಡ್ರೈವರ್ ಹೋಗಲ್ಲ, ಫೈಲುಗಳು ಒಳಗೇ ಇರುತ್ತವೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ಸ್ ಟ್ಯಾಬ್‌ನಲ್ಲಿ ಡ್ರೈವರ್ ಮತ್ತು ಪ್ಯಾಕೇಜ್ ಎರಡನ್ನೂ ತೆಗೆಯಬೇಕು. ತೆಗೆದೆ. ತಯಾರಕರ ತಾಣದಿಂದ ಹೊಸದಾಗಿ ಇಳಿಸಿ ಹಾಕಿದೆ. ಟೆಸ್ಟ್ ಪೇಜ್ ಬಂತು. ಮೂರು ಕಾರ್ಡು ತೆಗೆದೆವು, ಮೂರೂ ಸರಿ. ಮಾವನಿಗೆ ಖುಷಿ. ನಾನು ಮಧ್ಯಾಹ್ನದ ಬಸ್ಸಿಗೆ ಹೊರಟೆ.

ತಪ್ಪು ಇಲ್ಲೇ ಆಯಿತು. ಆವತ್ತು ಬೆಳಿಗ್ಗೆಯಿಂದ ಮಾವ ಜೆರಾಕ್ಸ್ ತೆಗೆಯುತ್ತಾ ಪ್ರಿಂಟರ್ ಬಿಸಿಯಾಗಿತ್ತು. ಬಿಸಿಯಾಗಿರೋ ಪ್ರಿಂಟರ್‌ನಲ್ಲಿ ಪರೀಕ್ಷೆ ಮಾಡಿದೆ. ಅದು ಯಾಕೆ ತಪ್ಪು ಅಂತ ಜುಲೈ 13ಕ್ಕೆ ಗೊತ್ತಾಯಿತು.

ಜುಲೈ 1, ಮಂಗಳವಾರ

ಬೆಳಿಗ್ಗೆ ಒಂಬತ್ತೂವರೆಗೆ ಮಾವನ ಫೋನು. ಅಂಗಡಿ ತೆಗೆದು ಮೊದಲನೇ ಪ್ರಿಂಟ್ ಕೊಟ್ಟ ತಕ್ಷಣ ಮತ್ತೆ ರೀಸ್ಟಾರ್ಟ್.

ಅಂಗಡಿಯಲ್ಲಿ ಟೈಪಿಂಗ್ ಮಾಡುವ ಹುಡುಗಿಗೆ ಫೋನ್ ಕೊಡಿಸಿಕೊಂಡು ಒಂದು ಸಹಾಯ ಕೇಳಿದೆ. ಪ್ರತಿ ಸಲ ರೀಸ್ಟಾರ್ಟ್ ಆದಾಗ ಹೊತ್ತು ಬರೆದಿಡಮ್ಮ, ಆಗ ಏನು ಮಾಡ್ತಿದ್ರಿ ಅನ್ನೋದನ್ನೂ ಬರಿ ಅಂದೆ. ಅವಳು ಆವತ್ತೇ ಹರಿದ ಜೂನ್ ತಿಂಗಳ ಕ್ಯಾಲೆಂಡರ್ ಹಾಳೆಯ ಹಿಂಭಾಗಕ್ಕೆ ಗೆರೆ ಎಳೆದು, ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿದಳು. ಈ ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದ ಸಾಧನ ಆ ಹಾಳೆ.

ಜುಲೈ 6, ಭಾನುವಾರ

ಹಾಳೆಯಲ್ಲಿ ಐದು ದಿನಕ್ಕೆ ಒಂಬತ್ತು ಸಾಲು. ಆರು ಸಾಲಿನ ಮುಂದೆ "ಪ್ರಿಂಟ್" ಅಂತ ಇತ್ತು. ಉಳಿದ ಮೂರರ ಮುಂದೆ "ಸುಮ್ನೆ" ಅಂತ ಬರೆದಿದ್ದಳು. ಆ "ಸುಮ್ನೆ" ಅನ್ನೋ ಪದದ ಮೇಲೆ ನಾನು ಆವತ್ತು ಗಮನ ಇಡಲಿಲ್ಲ.

ವಿಂಡೋಸ್ ತನ್ನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದೆ. ವಿಂಡೋಸ್ ಲಾಗ್ಸ್, ಸಿಸ್ಟಮ್, ಫಿಲ್ಟರ್‌ನಲ್ಲಿ 41 ಅಂತ ಹಾಕಿದೆ. ಕರ್ನಲ್-ಪವರ್ 41 ಅನ್ನೋ ಎರರ್ ಉದ್ದಕ್ಕೂ ಸಾಲು ಸಾಲು ನಿಂತಿತ್ತು. ಈ ಎರರ್ ಹೇಳೋದು ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ. ಯಾಕೆ ಅಂತ ಹೇಳಲ್ಲ. ಆದರೆ ಡೀಟೇಲ್ಸ್ ಟ್ಯಾಬ್ ಒತ್ತಿದರೆ ಬಗ್‌ಚೆಕ್ ಕೋಡ್ ಅಂತ ಒಂದು ಸಾಲು ಇರುತ್ತೆ. ಅಲ್ಲಿ 0 ಇದ್ದರೆ ವಿಂಡೋಸ್‌ಗೆ ಬ್ಲೂ ಸ್ಕ್ರೀನ್ (ವಿಂಡೋಸ್ ಬಿದ್ದಾಗ ಬರುವ ನೀಲಿ ಪರದೆ) ದಾಖಲಿಸಲಿಕ್ಕೂ ಸಮಯ ಸಿಗಲಿಲ್ಲ ಅಂತ. ಅಂದರೆ ಹೆಚ್ಚಾಗಿ ಕರೆಂಟೇ ಕೈಕೊಟ್ಟಿದೆ, ಇಲ್ಲಾ ಯಂತ್ರ ಪೂರ್ತಿ ಮರಗಟ್ಟಿ ನಿಂತಿದೆ.

ಮೇಲಿನ ನಾಲ್ಕು ಎರರ್ ತೆರೆದೆ. ನಾಲ್ಕರಲ್ಲೂ 0. ಸರಿ, ಇದು ಡ್ರೈವರ್ ಅಲ್ಲ, ಪವರ್ ಅಂತ ತೀರ್ಮಾನ ಮಾಡಿ ಇವೆಂಟ್ ವ್ಯೂವರ್ ಮುಚ್ಚಿಬಿಟ್ಟೆ. ಐದನೆಯದನ್ನೂ ತೆರೆಯಬೇಕಿತ್ತು. ಇದು ನನ್ನ ಎರಡನೇ ತಪ್ಪು, ನನ್ನನ್ನು ಎರಡು ವಾರ ಹಿಂದಕ್ಕೆ ಹಾಕಿತು.

ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಕಾಗದದ ಧೂಳು ಮಳೆಗಾಲದ ತೇವಕ್ಕೆ ಹಿಡಿದು, ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿ ಥರ ಕೂತಿತ್ತು. ಬ್ರಷ್‌ನಲ್ಲಿ ಬಿಡಿಸಿದೆ.

ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ ಒಳಗೆ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ. ಅದರ ಪರೀಕ್ಷೆಗೆ ಎಲ್ಲರೂ ಮಾಡುವ ಪೇಪರ್‌ಕ್ಲಿಪ್ ವಿಧಾನ ಮೊದಲು ಮಾಡಿದೆ. ಮದರ್‌ಬೋರ್ಡ್‌ನಿಂದ 24 ಪಿನ್ ಕನೆಕ್ಟರ್ ತೆಗೆದು, ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಕ್ಲಿಪ್ಪಿನಿಂದ ಸೇರಿಸೋದು. ಫ್ಯಾನ್ ತಿರುಗಿತು. ಹಳದಿ ವೈರು 12.10 ವೋಲ್ಟ್, ಕೆಂಪು 5.06. "ಎಸ್‌ಎಂಪಿಎಸ್ ಚೆನ್ನಾಗಿದೆ ಮಾವ" ಅಂದೆ. ಅದೂ ತಪ್ಪೇ. ಭಾರ ಇಲ್ಲದೆ ನಿಂತಾಗ ಎಂಥ ಮುದಿ ಎಸ್‌ಎಂಪಿಎಸ್ ಕೂಡ ಚೆನ್ನಾಗಿಯೇ ಕಾಣುತ್ತೆ.

ಊಟ ಆದಮೇಲೆ ಮನಸ್ಸು ಒಪ್ಪಲಿಲ್ಲ. ಎಲ್ಲ ವಾಪಸ್ ಜೋಡಿಸಿ, ಕಂಪ್ಯೂಟರ್ ಓಡುತ್ತಿರುವಾಗಲೇ ಖಾಲಿ ಇದ್ದ ನಾಲ್ಕು ಪಿನ್ನಿನ ಕನೆಕ್ಟರ್‌ಗೆ ಮೀಟರ್ ಕಡ್ಡಿ ಇಟ್ಟೆ, ಹಳದಿಗೂ ಕಪ್ಪಿಗೂ. ಸುಮ್ಮನೆ ಇದ್ದಾಗ 11.71. ಪೇಜ್‌ಮೇಕರ್‌ನಲ್ಲಿ ಭಾರೀ ಫೈಲ್ ತೆರೆದು, ಜೊತೆಗೆ ಒಂದು ವಿಡಿಯೋ ಓಡಿಸಿದಾಗ 11.32. ಹನ್ನೆರಡು ವೋಲ್ಟಿನ ಲೈನು ಶೇಕಡ 5ರಷ್ಟು ಆಚೀಚೆ ಆಗಬಹುದು, ಅಂದರೆ 11.4ರಿಂದ 12.6. ಇದು ಗೆರೆಯಿಂದ ಕೆಳಗೆ ಬಿದ್ದಿತ್ತು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಎರಡು ಕೆಪಾಸಿಟರ್ ತಲೆ ಉಬ್ಬಿ, ಮೇಲೆ ಕಂದು ಬಣ್ಣದ ಕಲೆ ಕಟ್ಟಿತ್ತು. ಎಸ್‌ಎಂಪಿಎಸ್ ಡಬ್ಬಿ ಬಿಚ್ಚಲಿಲ್ಲ. ಅದರ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿನ ಮೇಲೆ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತೆ. ಅನುಭವ ಇಲ್ಲದವರು ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಹಾಸನಕ್ಕೆ ಬಂದು ವಾರದ ಮಧ್ಯೆ 450 ವ್ಯಾಟಿನ ಒಳ್ಳೇ ಎಸ್‌ಎಂಪಿಎಸ್ ತಗೊಂಡೆ. 2,750 ರೂಪಾಯಿ. ಎಂಟುನೂರು ರೂಪಾಯಿಗೂ ಸಿಗುತ್ತಿತ್ತು. ಎತ್ತಿ ನೋಡಿದರೆ ಹಗುರ, ಒಳಗೆ ತಾಮ್ರವೂ ಇಲ್ಲ, ಅಲ್ಯೂಮಿನಿಯಮ್ಮೂ ಇಲ್ಲ ಅನ್ನೋ ಥರ. ಬೇಡ ಅಂತ ಬಿಟ್ಟೆ.

ಜುಲೈ 13, ಭಾನುವಾರ

ಹೊಸ ಎಸ್‌ಎಂಪಿಎಸ್ ಕೂರಿಸಿದೆ. ಸುಮ್ಮನಿದ್ದಾಗ 12.08, ಭಾರ ಹಾಕಿದರೆ 12.02. ಅಲುಗಾಡಲಿಲ್ಲ.

ಈ ಸಲ ಪ್ರಿಂಟರನ್ನು ಒಂದು ಗಂಟೆ ಆಫ್ ಮಾಡಿ ಪೂರ್ತಿ ತಣ್ಣಗೆ ಮಾಡಿಸಿದ್ದೆ. ಆನ್ ಮಾಡಿ ಪ್ರಿಂಟ್ ಕೊಟ್ಟೆ. ಯುಪಿಎಸ್ ಒಂದೇ ಸಮ ಪೀಂ ಅಂತ ಕಿರುಚಿ ಎಲ್ಲವೂ ಆಫ್. ಕಂಪ್ಯೂಟರ್, ಮಾನಿಟರ್, ಪ್ರಿಂಟರ್, ಎಲ್ಲಾ.

ಮೇಜಿನ ಕೆಳಗೆ ಬಗ್ಗಿ ನೋಡಿದೆ. ಪ್ರಿಂಟರ್ ವೈರು ಯುಪಿಎಸ್‌ನ ಹಿಂಭಾಗಕ್ಕೆ ಹೋಗಿತ್ತು.

ಆವಾಗ ಮೊದಲ ಸಲ ಕೇಳಿದೆ: "ಮಾವ, ಈ ತೊಂದರೆ ಶುರುವಾಗೋಕೆ ಮುಂಚೆ ಇಲ್ಲಿ ಏನೇನು ಬದಲಾಯ್ಸಿದ್ರಿ?"

ಮಾವ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು. ಏಪ್ರಿಲ್ ಕೊನೆಗೆ ಒಂದು ಸಂಜೆ ಗುಡುಗು ಸಿಡಿಲು ಜೋರಾಗಿ ಬಂದಿತ್ತು. ಆವತ್ತು ನೆಟ್ ಕೇಬಲ್ ಹಾಕುವ ಪೋರ್ಟು ಸುಟ್ಟುಹೋಯಿತು. ಆಮೇಲೆ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ತಂದು ಹಾಕಿದರು. ಪ್ರಿಂಟರ್‌ಗೂ ಹಂಗೇ ಆಗದು ಬೇಡ ಅಂತ ಅದನ್ನು ಗೋಡೆಯಿಂದ ತೆಗೆದು ಯುಪಿಎಸ್‌ಗೆ ಹಾಕಿದರು. "ಯುಪಿಎಸ್‌ನಾಗೆ ಇದ್ರೆ ಸೇಫು ಅಲ್ವೇನೋ?"

ಈ ಮಾತು ಜೂನ್ 29ಕ್ಕೇ ಸಿಗಬಹುದಿತ್ತು. ನಾನು ಕೇಳಿರಲಿಲ್ಲ, ಅವರಿಗೆ ಹೇಳಬೇಕು ಅನ್ನಿಸಿರಲಿಲ್ಲ.

ಲೇಸರ್ ಪ್ರಿಂಟರ್ ಒಳಗೆ ಫ್ಯೂಸರ್ ಅಂತ ಒಂದು ಬಿಸಿ ರೋಲರ್ ಇರುತ್ತೆ. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸೋದು ಅದು. ತಣ್ಣಗಿರೋ ಫ್ಯೂಸರ್ ಬಿಸಿಯಾಗುವಾಗ ನೂರಾರು ವ್ಯಾಟ್ ಒಟ್ಟಿಗೇ ಎಳೆಯುತ್ತೆ. 600 ವಿಎ ಯುಪಿಎಸ್ ಕೊಡೋದೇ ಸುಮಾರು 360 ವ್ಯಾಟು. ಬೆಳಿಗ್ಗೆ ಮೊದಲನೇ ಪ್ರಿಂಟಿಗೇ ಯಾಕೆ ಸಾಯುತ್ತಿತ್ತು, ನಾನು ಬಂದ ದಿನ ಬಿಸಿ ಪ್ರಿಂಟರ್‌ನಲ್ಲಿ ಯಾಕೆ ಸಾಯಲಿಲ್ಲ, ಎರಡಕ್ಕೂ ಉತ್ತರ ಸಿಕ್ಕಿತು. ಪ್ರಿಂಟರ್ ವೈರನ್ನು ಗೋಡೆಯ 15 ಆಂಪಿಯರ್ ಸಾಕೆಟ್‌ಗೆ ಹಾಕಿದೆ. ತಣ್ಣಗೆ ಮಾಡಿ ಮೂರು ಸಲ ಪ್ರಿಂಟ್ ಕೊಟ್ಟೆ. ಏನೂ ಆಗಲಿಲ್ಲ. ಈ ರಿಪೇರಿಗೆ ಖರ್ಚು ಸೊನ್ನೆ.

ಹಾಗಾದರೆ 2,750 ರೂಪಾಯಿ ನೀರಿಗೆ ಹಾಕಿದೆನಾ ಅನ್ನೋ ಚಿಂತೆ ಶುರುವಾಯಿತು. ಹಳೇ ಎಸ್‌ಎಂಪಿಎಸ್ ವಾಪಸ್ ಜೋಡಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿದೆ. ಯುಪಿಎಸ್ ಟಿಕ್ ಅಂತ ಬ್ಯಾಟರಿಗೆ ತಿರುಗಿತು. ಮಾನಿಟರ್ ಉಳಿಯಿತು, ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಐದು ಸಲದಲ್ಲಿ ಮೂರು ಸಲ ಹೀಗೆ. ಹೊಸದನ್ನು ಹಾಕಿ ಐದು ಸಲ ಮಾಡಿದೆ, ಒಂದು ಸಲವೂ ಅಲುಗಲಿಲ್ಲ. ಯುಪಿಎಸ್ ಬ್ಯಾಟರಿಗೆ ತಿರುಗಲು ಕೆಲವು ಮಿಲಿಸೆಕೆಂಡ್ ಬೇಕು. ಒಳ್ಳೇ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ತುಂಬಿಕೊಂಡದ್ದರಲ್ಲೇ ಅಷ್ಟು ಹೊತ್ತು ದಾಟಿಸುತ್ತೆ. ಹಳೆಯದರ ಕೈಲಿ ಅದು ಆಗುತ್ತಿರಲಿಲ್ಲ. ದುಡ್ಡು ದಂಡ ಆಗಲಿಲ್ಲ. ಆದರೆ ಮೊದಲು ಸೊನ್ನೆ ರೂಪಾಯಿಯ ಪರೀಕ್ಷೆ ಮುಗಿಸಿ, ಆಮೇಲೆ ಅಂಗಡಿಗೆ ಹೋಗಬೇಕಿತ್ತು.

ಯುಪಿಎಸ್ ಬ್ಯಾಟರಿಯನ್ನೂ ನೋಡಿದೆ. 12 ವೋಲ್ಟ್ 7 ಎಎಚ್. ಭಾರ ಬಿದ್ದ ಕೂಡಲೇ 10.4ಕ್ಕೆ ಇಳಿಯುತ್ತಿತ್ತು. ಮಾರನೇ ದಿನ ಮಾವ ಅಲ್ಲೇ ಹೊಸದು ತಂದು ಹಾಕಿಸಿದರು, 950 ರೂಪಾಯಿ.

ಇನ್ನೊಂದು ವಿಷಯ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಮೀಟರಿನ ಒಂದು ಕಡ್ಡಿ ಕ್ಯಾಬಿನೆಟ್‌ನ ಸ್ಕ್ರೂಗೆ, ಇನ್ನೊಂದು ಕಡ್ಡಿ ನ್ಯೂಟ್ರಲ್‌ಗೆ ಇಟ್ಟೆ: 104 ವೋಲ್ಟ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಕರೆಂಟು ಅರ್ತ್‌ಗೆ ಹೋಗಬೇಕು. ಅರ್ತ್ ಇಲ್ಲದಿದ್ದರೆ ಡಬ್ಬಿಯ ಮೇಲೇ ನಿಲ್ಲುತ್ತೆ. ಬೋರ್ಡಿನಲ್ಲಿ ಮೂರು ತೂತಿನ ಸಾಕೆಟ್ ಇತ್ತು, ಅರ್ತ್ ಪಿನ್ನಿಗೆ ವೈರೇ ಇರಲಿಲ್ಲ. ಕಟ್ಟಡದ ಹಿಂದೆ ಅರ್ತ್ ಗುಂಡಿ ಇತ್ತು, ಅಲ್ಲಿಂದ ಬರುವ ವೈರು ತುಕ್ಕು ಹಿಡಿದು ತುಂಡಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಹೊಸ ವೈರು ಎಳೆದರು. ಸಾಮಾನು, ಕೂಲಿ ಸೇರಿ 600. ಈಗ ಜುಮ್ ಅನ್ನೋದಿಲ್ಲ.

ಸಂಜೆ ಬಸ್ಸಿನಲ್ಲಿ ಕೂತಾಗ ಎಲ್ಲ ಮುಗಿಯಿತು ಅಂತಲೇ ಅಂದುಕೊಂಡಿದ್ದೆ.

ಜುಲೈ 14ರಿಂದ 19

ಹುಡುಗಿ ಶನಿವಾರ ಸಂಜೆ ಹಾಳೆಯ ಫೋಟೋ ಕಳಿಸಿದಳು. "ಪ್ರಿಂಟ್" ಅನ್ನೋ ಸಾಲು ಒಂದೂ ಇಲ್ಲ. ಆದರೆ "ಸುಮ್ನೆ" ಅನ್ನೋದು ನಾಲ್ಕು. ಸೋಮವಾರ 1:50, ಮಂಗಳವಾರ 1:48, ಗುರುವಾರ 1:55, ಶುಕ್ರವಾರ 1:50.

ಮಾವ ಹೇಳಿದ್ದು: "ಊಟಕ್ಕೋದಾಗ ಕರೆಂಟ್ ಹೋಗಿ ಬಂದಿರ್ತದೆ, ಮಳೆಗಾಲ ಅಲ್ವಾ."

ಅವಳು ಊಟದ ಡಬ್ಬಿ ತರುತ್ತಾಳೆ, ಅಂಗಡಿಯಲ್ಲೇ ತಿನ್ನುತ್ತಾಳೆ. ಶುಕ್ರವಾರದ ಸಾಲಿನ ಮುಂದೆ ಚಿಕ್ಕ ಅಕ್ಷರದಲ್ಲಿ ಬರೆದಿದ್ದಳು: "ಯಾರೂ ಮುಟ್ಟಿಲ್ಲ. ಟ್ಯೂಬ್‌ಲೈಟ್ ಉರೀತಾ ಇತ್ತು. ಯುಪಿಎಸ್ ಸದ್ದು ಮಾಡಿಲ್ಲ." ಆ ಒಂದು ಸಾಲು ಓದಿ ನಾನು ಎದ್ದು ಕೂತೆ. ಕರೆಂಟ್ ಹೋಗಿಲ್ಲ. ಯುಪಿಎಸ್ ಬ್ಯಾಟರಿಗೆ ತಿರುಗಿಲ್ಲ. ಆದರೂ ರೀಸ್ಟಾರ್ಟ್.

ಜುಲೈ 20, ಭಾನುವಾರ

ಮತ್ತೆ ಇವೆಂಟ್ ವ್ಯೂವರ್, ಮತ್ತೆ 41. ಈ ಸಲ ಒಂದೊಂದನ್ನೂ ತೆರೆದೆ. ಮಧ್ಯಾಹ್ನದ ನಾಲ್ಕರಲ್ಲೂ ಬಗ್‌ಚೆಕ್ ಕೋಡ್ 159. ಹಿಂದಕ್ಕೆ ಹೋಗಿ ನೋಡಿದರೆ ಮೇ ತಿಂಗಳಿಂದಲೂ 0 ಮತ್ತು 159 ಬೆರೆತು ಬಂದಿವೆ. ಜುಲೈ 6ಕ್ಕೆ ನಾನು ತೆರೆದ ನಾಲ್ಕರ ಕೆಳಗಿನದೇ, ಅಂದರೆ ಐದನೆಯದೇ, 159.

159 ಅಂದರೆ ಏನು ಅಂತ ತಲೆ ಕೆಡಿಸಿಕೊಂಡೆ. ಬ್ಲೂ ಸ್ಕ್ರೀನ್ ಕೋಡುಗಳ ಪಟ್ಟಿಯಲ್ಲಿ ಇದಕ್ಕೆ ಹೊಂದುವಂಥದ್ದು ಕಾಣಲಿಲ್ಲ. ಆಮೇಲೆ ಹೊಳೆಯಿತು. ಪಟ್ಟಿಗಳಲ್ಲಿ ಕೋಡು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಇರುತ್ತೆ, ಇವೆಂಟ್ ವ್ಯೂವರ್ ಮಾಮೂಲಿ ಲೆಕ್ಕದಲ್ಲಿ ತೋರಿಸುತ್ತೆ. ವಿಂಡೋಸ್ ಕ್ಯಾಲ್ಕುಲೇಟರನ್ನು ಪ್ರೋಗ್ರಾಮರ್ ಮೋಡ್‌ಗೆ ತಿರುಗಿಸಿ 159 ಒತ್ತಿದೆ. ಹೆಕ್ಸ್ ಸಾಲಿನಲ್ಲಿ 9ಎಫ್ ಅಂತ ಬಂತು. 9ಎಫ್ ಅಂದರೆ ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ಕಂಪ್ಯೂಟರ್ ನಿದ್ದೆಗೆ ಹೋಗುವಾಗ ಅಥವಾ ಏಳುವಾಗ ವಿಂಡೋಸ್ ಪ್ರತಿಯೊಂದು ಡ್ರೈವರ್‌ಗೂ "ನೀನೂ ಮಲಗು" ಅಂತ ಹೇಳುತ್ತೆ. ಯಾವುದಾದರೂ ಒಂದು ಡ್ರೈವರ್ ಉತ್ತರ ಕೊಡದೆ ಕೂತರೆ, ಕಾದು ಕಾದು ವಿಂಡೋಸ್ ಬಿದ್ದುಹೋಗುತ್ತೆ.

ಮಾವ ಊಟಕ್ಕೆ ಹೋಗೋದು 1:15ರ ಸುಮಾರಿಗೆ. ಪವರ್ ಆಪ್ಷನ್ಸ್‌ನಲ್ಲಿ ಸ್ಲೀಪ್ ಇದ್ದದ್ದು 30 ನಿಮಿಷಕ್ಕೆ. ಲೆಕ್ಕ ಕೂಡಿಬಂತು. ಮಾನಿಟರ್ ಮೊದಲೇ ಕಪ್ಪಾಗಿರುತ್ತಿತ್ತು, ಬಿದ್ದ ತಕ್ಷಣ ತಾನೇ ರೀಸ್ಟಾರ್ಟ್ ಆಗುವ ಆಯ್ಕೆಗೂ ಟಿಕ್ ಇತ್ತು. ಹಾಗಾಗಿ ನೀಲಿ ಪರದೆಯನ್ನು ಯಾರೂ ಕಂಡಿರಲಿಲ್ಲ. ಆ ಟಿಕ್ ತೆಗೆದೆ.

ಮೂರು ತಿಂಗಳು ಎಲ್ಲರೂ ಡ್ರೈವರ್ ಅಂದದ್ದು ಪವರ್ ಆಗಿತ್ತು. ಪವರ್ ಅಂದದ್ದು ಡ್ರೈವರ್ ಆಗಿತ್ತು.

ಯಾವ ಡ್ರೈವರ್? ವಿಂಡೋಸ್ ಬಿದ್ದಾಗಲೆಲ್ಲ ಆ ಕ್ಷಣದ ಸ್ಥಿತಿಯನ್ನು ಒಂದು ಡಂಪ್ ಫೈಲಿಗೆ ಬರೆದಿಡುತ್ತೆ. ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್‌ನಲ್ಲಿ ಅಂಥ ಹನ್ನೊಂದು ಫೈಲ್ ಇದ್ದವು. ಬ್ಲೂಸ್ಕ್ರೀನ್‌ವ್ಯೂ ಅನ್ನೋ ಚಿಕ್ಕ ಪ್ರೋಗ್ರಾಮಿನಲ್ಲಿ ತೆರೆದೆ. ಹನ್ನೊಂದರಲ್ಲೂ ಅದು ಬೆರಳು ತೋರಿಸಿದ್ದು ವಿಂಡೋಸ್‌ನ ತಿರುಳಾದ ಕರ್ನಲ್ ಫೈಲಿನ ಕಡೆಗೆ. ಅಯ್ಯೋ, ವಿಂಡೋಸೇ ಕೆಟ್ಟಿದೆ ಅಂದುಕೊಂಡು ಸಿಸ್ಟಮ್ ಫೈಲ್ ಚೆಕರ್ ಓಡಿಸಿದೆ, ಡಿಸ್ಮ್ ಓಡಿಸಿದೆ. ಎರಡು ಗಂಟೆ ಹೋಯಿತು. ಏನೂ ಕೆಟ್ಟಿಲ್ಲ ಅಂತ ಬಂತು. ಬಿದ್ದ ಕಡೆ ಕರ್ನಲ್ ಇತ್ತು ಅಂದರೆ ತಳ್ಳಿದ್ದು ಕರ್ನಲ್ ಅಂತ ಅರ್ಥ ಅಲ್ಲ. 9ಎಫ್‌ನಲ್ಲಿ ಸಾಮಾನ್ಯವಾಗಿ ಹೀಗೇ ಕಾಣುತ್ತೆ.

ಡಂಪ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹಾಸನಕ್ಕೆ ಬಂದೆ. ರಾತ್ರಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಡಂಪ್ ಬಿಡಿಸಿ ಓದುವ ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಹಾಕಿದೆ, ಉಚಿತವಾಗಿ ಸಿಗುತ್ತೆ. ಡಂಪ್ ತೆರೆದು ಅನಲೈಜ್ ಕೊಟ್ಟೆ. 9ಎಫ್ ಜೊತೆಗೆ ನಾಲ್ಕು ಸಂಖ್ಯೆ ಬರುತ್ತವೆ. ಮೊದಲನೆಯದು 3 ಆಗಿದ್ದರೆ ಒಂದು ಡಿವೈಸು ಪವರ್ ಕೋರಿಕೆಯನ್ನು ತುಂಬ ಹೊತ್ತು ತಡೆಹಿಡಿದಿದೆ ಅಂತ ಅರ್ಥ. ಆಗ ನಾಲ್ಕನೇ ಸಂಖ್ಯೆಯೇ ಆ ಕೋರಿಕೆಯ ವಿಳಾಸ. ಅದನ್ನು ಐಆರ್‌ಪಿ ಅನ್ನೋ ಆದೇಶಕ್ಕೆ ಕೊಟ್ಟೆ. ಪಟ್ಟಿಯಲ್ಲಿ ವೈಫೈ ಅಡಾಪ್ಟರ್‌ನ ಡ್ರೈವರ್ ಹೆಸರು ಬಂತು. ಇನ್ನೂ ಮೂರು ಡಂಪ್ ತೆರೆದೆ. ಮೂರರಲ್ಲೂ ಅದೇ ಹೆಸರು.

ಏಪ್ರಿಲ್‌ನ ಅದೇ ಸಿಡಿಲು. ಪೋರ್ಟು ಸುಟ್ಟದ್ದಕ್ಕೆ ಅಡಾಪ್ಟರ್ ಬಂತು, ಅಡಾಪ್ಟರ್‌ನಿಂದ 9ಎಫ್ ಬಂತು. ಹೆದರಿಕೆಯಿಂದ ಪ್ರಿಂಟರ್ ಯುಪಿಎಸ್‌ಗೆ ಹೋಯಿತು, ಅದರಿಂದ 0 ಬಂತು.

ಜುಲೈ 22ರಿಂದ 26

ಫೋನಿನಲ್ಲಿ ಹುಡುಗಿಗೆ ಹೇಳಿಕೊಟ್ಟು ಒಂದೊಂದೇ ಮಾಡಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್, "ವಿದ್ಯುತ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು" ಅನ್ನೋದರ ಟಿಕ್ ತೆಗೆಸಿದೆ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಬಳಸದ ಯುಎಸ್‌ಬಿ ಸಾಧನವನ್ನು ಮಲಗಿಸುವ ಆಯ್ಕೆ) ಆಫ್ ಮಾಡಿಸಿದೆ. ಬುಧವಾರ ಏನೂ ಆಗಲಿಲ್ಲ. ಗುರುವಾರ ಮತ್ತೆ ಬಿತ್ತು. ಈ ಸಲ ನೀಲಿ ಪರದೆ ನಿಂತಿತ್ತು, ಅವಳು ಫೋಟೋ ತೆಗೆದು ಕಳಿಸಿದಳು. ಹೊಸ ಡ್ರೈವರ್ ಹಾಕಿಸಿದೆ. ಶನಿವಾರ ಮತ್ತೆ.

ಇಲ್ಲಿ ಒಂದು ವಿಷಯ ತಡವಾಗಿ ಗೊತ್ತಾಯಿತು. ಡ್ರೈವರ್ ಬದಲಾಯಿಸಿದ ಮೇಲೆ ನಾನು ಅವಳಿಗೆ ಹೇಳುತ್ತಿದ್ದದ್ದು "ಶಟ್‌ಡೌನ್ ಮಾಡಿ ಆನ್ ಮಾಡಮ್ಮ" ಅಂತ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಕರ್ನಲ್, ಡ್ರೈವರ್ ಎಲ್ಲ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ತಿಕೊಳ್ಳುತ್ತೆ. ಹೊಸದಾಗಿ ಶುರುವಾಗಬೇಕು ಅಂದರೆ ರೀಸ್ಟಾರ್ಟ್ ಒತ್ತಬೇಕು.

ಜುಲೈ 27, ಭಾನುವಾರ

ಅಡಾಪ್ಟರ್ ಜೊತೆ ಇನ್ನು ಹೋರಾಡೋದು ಬೇಡ ಅಂತ ತೀರ್ಮಾನಿಸಿ ಹೋಗಿದ್ದೆ. ಬ್ಯಾಗಿನಲ್ಲಿ 450 ರೂಪಾಯಿಯ ಪಿಸಿಐ ಎಕ್ಸ್‌ಪ್ರೆಸ್ ಲ್ಯಾನ್ ಕಾರ್ಡು, 15 ಮೀಟರ್ ಕೇಬಲ್ಲು, ಎರಡು ಕನೆಕ್ಟರು. ಕೇಬಲ್, ಕನೆಕ್ಟರ್ ಸೇರಿ 320. ಜೊತೆಗೆ ಒಂದು ಸಿಆರ್2032 ಬ್ಯಾಟರಿ, 40 ರೂಪಾಯಿ. ಮದರ್‌ಬೋರ್ಡಿನ ಹಳೇ ಬ್ಯಾಟರಿ 2.6 ವೋಲ್ಟಿಗೆ ಇಳಿದಿತ್ತು. ಗಡಿಯಾರ ಆಗಾಗ ಕೆಲವು ನಿಮಿಷ ಹಿಂದೆ ಬೀಳುತ್ತಿತ್ತು. ಹುಡುಗಿ ಬರೆದ ಹೊತ್ತು, ಲಾಗಿನ ಹೊತ್ತು ಸರಿಯಾಗಿ ಹೊಂದದೇ ಇದ್ದದ್ದು ಅದಕ್ಕೇ.

ಕಾರ್ಡು ಹಾಕಿ, ಬ್ಯಾಟರಿ ಬದಲಿಸಿ ಆನ್ ಮಾಡಿದೆ. ವಿಂಡೋಸ್ ಗುರುತು ಬಂತು, ತಿರುಗಿತು, ನೀಲಿ ಪರದೆ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಮತ್ತೆ ಆನ್ ಮಾಡಿದೆ, ಮತ್ತೆ ಅದೇ. ಮಾವ ಹಿಂದೆಯೇ ನಿಂತಿದ್ದರು, ಏನೂ ಮಾತಾಡಲಿಲ್ಲ. ಬ್ಯಾಕಪ್ ಇದೆ, ಬ್ಯಾಕಪ್ ಇದೆ ಅಂತ ನನಗೆ ನಾನೇ ಹೇಳಿಕೊಂಡೆ.

ಹತ್ತು ನಿಮಿಷ ಬೇಕಾಯಿತು ಅರ್ಥವಾಗೋಕೆ. ಬ್ಯಾಟರಿ ತೆಗೆದಾಗ ಬಯಾಸ್ (ವಿಂಡೋಸ್‌ಗೂ ಮುಂಚೆ ಓಡುವ ಮದರ್‌ಬೋರ್ಡಿನ ಪ್ರೋಗ್ರಾಮು) ಸೆಟ್ಟಿಂಗ್ ಎಲ್ಲ ಅಳಿಸಿ ಮೊದಲಿನಂತಾಗಿದೆ. ಸಾಟಾ ಮೋಡ್, ಅಂದರೆ ಮದರ್‌ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಎಎಚ್‌ಸಿಐನಿಂದ ಐಡಿಇಗೆ ಹೋಗಿದೆ. ವಿಂಡೋಸ್ ಹಾಕಿದ್ದು ಎಎಚ್‌ಸಿಐನಲ್ಲಿ, ಈಗ ಅದಕ್ಕೆ ತನ್ನ ಡಿಸ್ಕೇ ಕಾಣುತ್ತಿಲ್ಲ. ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿದೆ, ವಿಂಡೋಸ್ ಬಂತು. ಬ್ಯಾಟರಿ ಮುಟ್ಟುವ ಮುಂಚೆ ಬಯಾಸ್‌ನ ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ನಾನು ತೆಗೆದುಕೊಂಡಿರಲಿಲ್ಲ. ಅದೇ ಹೊತ್ತಿಗೆ ಸುಟ್ಟ ಆನ್‌ಬೋರ್ಡ್ ಲ್ಯಾನನ್ನೂ ಬಯಾಸ್‌ನಲ್ಲಿ ಆಫ್ ಮಾಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಮೇಲೆ ಕೂತಿದ್ದ, ಸಾಧನ ಶುರುವಾಗುತ್ತಿಲ್ಲ ಅನ್ನೋ ಕೋಡ್ 10ರ ಹಳದಿ ಗುರುತು ಹೋಯಿತು.

ವೈಫೈ ಅಡಾಪ್ಟರ್ ಕಿತ್ತು, ಡ್ರೈವರ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿದೆ. ಕೇಬಲ್ ಎಳೆದು ತುದಿ ಕ್ರಿಂಪ್ ಮಾಡಿದೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಲ್ಯಾನ್ ಕಾರ್ಡಿಗೆ ವಿಂಡೋಸ್ ತಾನೇ ಡ್ರೈವರ್ ಹಾಕಿಕೊಂಡಿತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೈಬರ್ನೇಟ್ ಆಫ್ ಮಾಡಿದೆ, ಅದರ ಜೊತೆಗೇ ಫಾಸ್ಟ್ ಸ್ಟಾರ್ಟಪ್ಪೂ ಹೋಯಿತು. ಸಿ ಡ್ರೈವ್‌ನಲ್ಲಿ ಒಂದೂವರೆ ಜಿಬಿ ಜಾಗವೂ ಸಿಕ್ಕಿತು.

ಆಮೇಲೆ ಸ್ಲೀಪನ್ನು ಎರಡು ನಿಮಿಷಕ್ಕೆ ಇಟ್ಟು, ಮಲಗಿಸಿ ಎಬ್ಬಿಸಿ, ಮಲಗಿಸಿ ಎಬ್ಬಿಸಿ, ಹತ್ತು ಸಲ ಮಾಡಿದೆ. ಹತ್ತು ಸಲವೂ ಸರಿಯಾಗಿ ಎದ್ದಿತು. ಸ್ಲೀಪನ್ನು ವಾಪಸ್ 30 ನಿಮಿಷಕ್ಕೆ ಇಟ್ಟು, ಮಾವನ ಜೊತೆ ಊಟಕ್ಕೆ ಹೋದೆ. ಬಂದು ಮೌಸ್ ಅಲುಗಿಸಿದರೆ ತೆರೆದಿಟ್ಟ ಕಾರ್ಡು ಹಾಗೇ ಇತ್ತು.

ಆಗಸ್ಟ್ 10, ಭಾನುವಾರ

ಎರಡು ವಾರ ಆಯಿತು. ಲಾಗಿನಲ್ಲಿ 41 ಒಂದೂ ಇಲ್ಲ. ಶ್ರಾವಣದ ಕಾರ್ಡಿನ ಕೆಲಸ ಜೋರಾಗಿ ನಡೆದಿದೆ.

ಖರ್ಚು: ಎಸ್‌ಎಂಪಿಎಸ್ 2,750, ಯುಪಿಎಸ್ ಬ್ಯಾಟರಿ 950, ಅರ್ತ್ 600, ಲ್ಯಾನ್ ಕಾರ್ಡು 450, ಕೇಬಲ್ 320, ಬಯಾಸ್ ಬ್ಯಾಟರಿ 40. ಬಸ್ ಚಾರ್ಜು ಬಿಟ್ಟು 5,110.

ಉಳಿದ ಕೆಲಸಗಳು. ವಿಂಡೋಸ್ 10ರ ಮಾಮೂಲಿ ಬೆಂಬಲಕ್ಕೆ 2025ರ ಅಕ್ಟೋಬರ್ 14 ಕೊನೆಯ ದಿನವಾಗಿತ್ತು. ಈ ಪ್ರೊಸೆಸರ್ ವಿಂಡೋಸ್ 11ಕ್ಕೆ ಬೇಕಾದ ಪಟ್ಟಿಯಲ್ಲಿಲ್ಲ. ಅಷ್ಟರಲ್ಲಿ ಇಂಟರ್‌ನೆಟ್ ಕೆಲಸಕ್ಕೆ ಬೇರೆ ಯಂತ್ರ ನೋಡಬೇಕು, ಇದನ್ನು ಪೇಜ್‌ಮೇಕರ್‌ಗೆ ಮಾತ್ರ ಇಟ್ಟುಕೊಳ್ಳಬೇಕು ಅಂದುಕೊಂಡೆವು. ಹಳೇ ಕಾರ್ಡುಗಳನ್ನು ಪಿಡಿಎಫ್ ಮಾಡಿಡುವ ಕೆಲಸ ಹುಡುಗಿ ಶುರು ಮಾಡಿದ್ದಾಳೆ, 2012ರದ್ದು ಮುಗಿದಿದೆ. ಅರ್ತ್ ಈಗ ನೆಲ ಒದ್ದೆ ಇರೋದರಿಂದ ಚೆನ್ನಾಗಿಯೇ ಕಾಣುತ್ತೆ, ಮಾರ್ಚ್‌ನಲ್ಲಿ ನೆಲ ಒಣಗಿದಾಗ ಮತ್ತೊಮ್ಮೆ ಅಳೆಯಬೇಕು. ನೆಟ್ ಕೇಬಲ್ ಮತ್ತು ಪ್ಲಗ್ ಎರಡನ್ನೂ ಗುಡುಗು ಕೇಳಿದ ತಕ್ಷಣ ಕೀಳಲು ಕೈಗೆಟುಕುವ ಎತ್ತರಕ್ಕೆ ತಂದಿಟ್ಟಿದ್ದೇವೆ. ಮಾವ ಅದರ ಪಕ್ಕದಲ್ಲೇ ಮಾರ್ಕರ್‌ನಲ್ಲಿ ದಪ್ಪಗೆ ಬರೆದು ಅಂಟಿಸಿದ್ದಾರೆ: "ಸಿಡಿಲು ಬಂದರೆ ಎರಡೂ ಕೀಳಿ. ಪ್ರಿಂಟರ್ ಗೋಡೆಗೇ."